ತಟ್ಟೆಯನ್ನು ಒಳಗೆ ತಳ್ಳಿದವರು

ಇಂಥ ಕಥೆಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋಗುವ ಜಾತಿ ನನ್ನದು. ಬಂಧುಗಳ ಮನೆಯಲ್ಲಿ ಒಬ್ಬಾಕೆಗೆ ಮೈಮೇಲೆ ದೇವರು ಬಂದಾಗ, "ಬೆಳಗಿನಿಂದ ಉಪವಾಸ ಇದಾರೆ, ಒಂದು ಲೋಟ ಪಾನಕ ಕುಡಿಸಿ" ಎಂದು ಹೇಳಿ ಎಲ್ಲರಿಂದ ಉಗಿಸಿಕೊಂಡವನು ನಾನು. ಆಮೇಲೆ ಆಕೆ ಪಾನಕ ಕುಡಿದು ಸರಿಹೋದಳು ಎಂಬುದು ಬೇರೆ ಮಾತು. ನೀವೂ ನನ್ನಂಥವರೇ ಆಗಿದ್ದರೆ ಈಗಲೇ ಎದ್ದು ಹೋಗಲು ನಿಮಗೆ ಪೂರ್ತಿ ಹಕ್ಕಿದೆ. ಆದರೆ ಪೂರ್ತಿ ಓದಿ, ಎಲ್ಲಿ ನಾನು ಎಡವಿದ್ದೇನೆ ಎಂದು ಹೇಳಿ ಹೋದರೆ ಉಪಕಾರ. ಇಷ್ಟು ವರ್ಷವಾದರೂ ನನಗಂತೂ ಅದು ಸಿಕ್ಕಿಲ್ಲ.

ಮನೆಮನೆಗೆ ಬ್ರಾಡ್‌ಬ್ಯಾಂಡ್ ಆಗತಾನೇ ಬರುತ್ತಿದ್ದ ಕಾಲ. ನಾವು ಬಸವೇಶ್ವರನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗೆ ಇದ್ದೆವು. ನಾವು ಎಂದರೆ ನಾನು ಮತ್ತು ದೊಡ್ಡವ್ವ, ಇಬ್ಬರೇ. ದೊಡ್ಡವ್ವ ನನ್ನ ತಾಯಿಯ ಅಕ್ಕ. ಅವ್ವ ನಾನು ಚಿಕ್ಕವನಿದ್ದಾಗಲೇ ಹೋಗಿಬಿಟ್ಟಳು; ಹಾವೇರಿಯಲ್ಲಿ ನನ್ನನ್ನು ಸಾಕಿ, ಬೈದು, ಓದಿಸಿದವಳು ಇವಳೇ. ನನಗೆ ಇದೇ ನಗರದ ಅಂಚಿನ ಉಲ್ಲಾಳದ ಹತ್ತಿರ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಸಿಕ್ಕಾಗ ನನ್ನ ಜೊತೆಗೇ ಬಂದಳು. ಬಂದ ಎರಡನೆಯ ವರ್ಷ ಒಂದು ಕೆಟ್ಟ ಜ್ವರ ಬಂತು. ಜ್ವರ ಹೋಗುವಾಗ ಅವಳ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಪಕ್ಕದಲ್ಲಿ ಪಟಾಕಿ ಹೊಡೆದರೂ ಗೊತ್ತಾಗುತ್ತಿರಲಿಲ್ಲ. ಮಾತು ಮಾತ್ರ ಮೊದಲಿಗಿಂತ ದೊಡ್ಡದಾಯಿತು. ಅವಳು ಬಾಯಲ್ಲಿ ಹೇಳುತ್ತಿದ್ದಳು, ನಾನು ಪಾಟಿಯ ಮೇಲೆ ಬಳಪದಲ್ಲಿ ಬರೆದು ಉತ್ತರ ಕೊಡುತ್ತಿದ್ದೆ. ನಮ್ಮ ಜಗಳಗಳೂ ಹಾಗೇ ನಡೆಯುತ್ತಿದ್ದವು. ಸಿಟ್ಟು ಬಂದರೆ ಅವಳು ನನ್ನ ಕೈಯಿಂದ ಬಳಪ ಕಿತ್ತುಕೊಳ್ಳುತ್ತಿದ್ದಳು. ಅಲ್ಲಿಗೆ ನನ್ನ ಬಾಯಿ ಬಂದ್.

ಊರಿನ ಕಡೆಯ ಒಬ್ಬ ಕಾಕಾ ತಿಂಗಳಿಗೊಮ್ಮೆ ಫೋನ್ ಮಾಡಿ ನನ್ನ ಜೀವ ತಿನ್ನುತ್ತಿದ್ದರು. "ಕಿವಿ ಕೇಳದ ಮುದುಕೀನ ಇಡೀ ದಿನ ಒಬ್ಬಾಕೀನ ಬಿಟ್ಟು ಹೋಗ್ತಿ. ಸಕ್ಕರಿ ಕಾಯಿಲೆ ಬ್ಯಾರೆ. ನಾಳೆ ಏನರ ಆದ್ರ ಯಾರಪ್ಪಾ ಜವಾಬ್ದಾರಿ? ಇಲ್ಲಿ ಕಳಿಸಿಬಿಡು." ಕಾಕಾನ ಮನೆಯಲ್ಲಿ ದೊಡ್ಡವ್ವನ ಗತಿ ಏನಾಗುತ್ತದೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅಡುಗೆಮನೆಯ ಮೂಲೆ, ಎರಡು ಹೊತ್ತು ತಾಟು, ಅಷ್ಟೇ. ಆದರೆ ಕಾಕಾ ಹೇಳಿದ್ದು ಸುಳ್ಳೇನೂ ಆಗಿರಲಿಲ್ಲವಲ್ಲ. ಲ್ಯಾಬಿನಲ್ಲಿ ಕೂತರೂ ನನಗೆ ಬುಡದಲ್ಲಿ ಬೆಂಕಿ ಇಟ್ಟಂತೆ. ಬಿದ್ದಿದ್ದಾಳೋ, ಗ್ಯಾಸ್ ಆರಿಸಿದ್ದಾಳೋ, ಮಾತ್ರೆ ನುಂಗಿದ್ದಾಳೋ. ಫೋನ್ ಮಾಡಿದರೆ ಅವಳಿಗೆ ಗಂಟೆ ಕೇಳುವುದಿಲ್ಲ. ಕೆಳಗಿನ ಓನರ್ ಆಂಟಿಗೆ ದಿನಾ ಫೋನ್ ಮಾಡಿ "ಸ್ವಲ್ಪ ಮೇಲೆ ಹೋಗಿ ನೋಡಿ" ಎಂದರೆ ಎಷ್ಟು ದಿನ ನೋಡಿಯಾರು?

ಆಗ ನನಗೆ ಹೊಳೆದದ್ದು ಮನೆಯ ಲಿನಕ್ಸ್ ಸರ್ವರ್. ಸರ್ವರ್ ಎಂದರೆ ದೊಡ್ಡದೇನಲ್ಲ. ಕಾಲೇಜಿನವರು ಹರಾಜು ಹಾಕಿದ್ದ ಹಳೆಯ ಕಂಪ್ಯೂಟರನ್ನು ತಂದು, ಅದನ್ನು ನಡೆಸಲು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ, ಹಾಲಿನಲ್ಲಿ ಟಿ.ವಿ. ಪಕ್ಕದ ಸ್ಟೂಲಿನ ಮೇಲೆ ಇಟ್ಟಿದ್ದೆ. ಹಗಲೂ ರಾತ್ರಿ ಉರಿಯುತ್ತಿತ್ತು. ಅದನ್ನು ಕಾಲೇಜಿನಿಂದಲೇ ಮುಟ್ಟುವಂತಾದರೆ ದೊಡ್ಡವ್ವನನ್ನೂ ಮುಟ್ಟಿದಂತೆ ಎಂಬುದು ನನ್ನ ಲೆಕ್ಕ. ಕ್ಯಾಮೆರಾ ಇಡುತ್ತೇನೆ ಎಂದು ಪಾಟಿಯ ಮೇಲೆ ಬರೆದು ತೋರಿಸಿದ್ದಕ್ಕೆ, "ನಾನೇನು ಕಳ್ಳಿ ಏನು? ಕಾವಲು ಹಾಕ್ತಿ?" ಎಂದು ಎರಡು ದಿನ ಮಾತು ಬಿಟ್ಟಳು. ಆಗಿನ ಲೈನಿನಲ್ಲಿ ಕ್ಯಾಮೆರಾ ನಡೆಯುತ್ತಲೂ ಇರಲಿಲ್ಲ ಬಿಡಿ.

ಹೊರಗಿನಿಂದ ಮನೆಯ ಯಂತ್ರಕ್ಕೆ ದಾರಿ ಮಾಡುವುದು ಆಗ ಸಲೀಸಿನ ಕೆಲಸವಾಗಿರಲಿಲ್ಲ. ಮೋಡೆಮ್ ಒಮ್ಮೆ ಆರಿ ಹೊತ್ತಿದರೆ ಮನೆಯ ವಿಳಾಸವೇ ಬದಲಾಗುತ್ತಿತ್ತು. ಅದಕ್ಕೆ, ವಿಳಾಸ ಬದಲಾದಾಗಲೆಲ್ಲ ಪುಕ್ಕಟೆ ಹೆಸರು ಕೊಡುವ ಒಂದು ಸೇವೆಗೆ ತಾನೇ ತಿಳಿಸುವಂಥ ವ್ಯವಸ್ಥೆ ಮಾಡಿದೆ. ಹೊರಗಿನಿಂದ ಬಂದು ಬಾಗಿಲು ತಟ್ಟಿದವರನ್ನು ನೇರವಾಗಿ ಲಿನಕ್ಸ್ ಯಂತ್ರದ ಹತ್ತಿರ ಕಳಿಸು ಎಂದು ಮೋಡೆಮ್ಮಿಗೆ ಹೇಳಿಕೊಟ್ಟೆ. ಕಾಲೇಜಿನ ನೆಟ್‌ವರ್ಕ್ ವೆಬ್ ಬಿಟ್ಟು ಬೇರೇನನ್ನೂ ಹೊರಗೆ ಬಿಡುತ್ತಿರಲಿಲ್ಲ. ಹಾಗಾಗಿ ಬ್ಯಾಂಕಿನ ವೆಬ್‌ಸೈಟುಗಳು ಬಳಸುವ ಬಾಗಿಲಲ್ಲೇ ನನ್ನ ಯಂತ್ರವನ್ನೂ ಕಾಯಲು ಕೂರಿಸಿದೆ. ಬಾಗಿಲು ತೆರೆದ ಎರಡನೆಯ ದಿನಕ್ಕೇ ಯಾವ್ಯಾವುದೋ ದೇಶದವರು ಬಂದು ಅದನ್ನು ತಟ್ಟುವುದು ಕಾಣಿಸಿತು. ಪಾಸ್‌ವರ್ಡ್ ತೆಗೆದುಹಾಕಿ, ನನ್ನ ಪೆನ್ ಡ್ರೈವಿನಲ್ಲಿರುವ ಬೀಗದ ಕೈ ಇದ್ದರೆ ಮಾತ್ರ ಒಳಗೆ ಎಂದು ಮಾಡಿದೆ. ಆ ಬೀಗದ ಕೈ ನನ್ನೊಬ್ಬನ ಹತ್ತಿರ ಬಿಟ್ಟು ಯಾರ ಹತ್ತಿರವೂ ಇರಲಿಲ್ಲ.

ಇನ್ನು ದೊಡ್ಡವ್ವನಿಗೆ ಕಾಣುವಂಥ ಸನ್ನೆ ಬೇಕು. ಲಿನಕ್ಸ್‌ನಲ್ಲಿ ಸಿ.ಡಿ. ತಟ್ಟೆಯನ್ನು ಹೊರಗೆ ಬಾ ಎಂದು ಕರೆಯುವ ಒಂದು ಪುಟ್ಟ ಆದೇಶವಿದೆ. ಉಲ್ಲಾಳದಲ್ಲಿ ಕೂತು ನಾನದನ್ನು ಒತ್ತಿದರೆ ಬಸವೇಶ್ವರನಗರದಲ್ಲಿ ತಟ್ಟೆ ಹೊರಗೆ ಬರುತ್ತದೆ. ದೊಡ್ಡವ್ವ ಅದನ್ನು ಬೆರಳಿನಿಂದ ಒಳಗೆ ತಳ್ಳಬೇಕು. ತಟ್ಟೆ ತೆರೆದಿದೆಯೇ, ಮುಚ್ಚಿದೆಯೇ, ಒಳಗೆ ಸಿ.ಡಿ. ಇದೆಯೇ ಎಂಬುದನ್ನು ಯಂತ್ರ ನನಗೆ ಹೇಳುತ್ತದೆ. ಖಾಲಿ ತಟ್ಟೆ ಮುಚ್ಚಿದರೆ "ನಾನು ಚೆನ್ನಾಗಿದ್ದೇನೆ". ಟಿ.ವಿ.ಯ ಮೇಲಿಟ್ಟಿದ್ದ, ನಾನು ಕೆಂಪು ಬಣ್ಣ ಬಳಿದ ಸಿ.ಡಿ.ಯನ್ನು ಅದರಲ್ಲಿಟ್ಟು ಮುಚ್ಚಿದರೆ "ಕೂಡಲೇ ಬಾ". ಇಷ್ಟೇ ನಮ್ಮ ಭಾಷೆ. ಲ್ಯಾಬಿನಲ್ಲಿ ನನ್ನ ಜೊತೆಗಿದ್ದ ಶಿವು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಗುರು, ಎಲ್ಲರೂ ಸರ್ವರ್‌ಗೆ ಪಿಂಗ್ ಮಾಡಿದ್ರೆ ನೀನು ದೊಡ್ಡಮ್ಮಂಗೆ ಪಿಂಗ್ ಮಾಡ್ತೀಯಲ್ಲೋ!" ಪಿಂಗ್ ಎಂದರೆ ದೂರದ ಯಂತ್ರ ಜೀವಂತ ಇದೆಯೇ ಎಂದು ಕೂಗಿ ನೋಡುವುದು.

ಮೊದಲ ದಿನವೇ ತಟ್ಟೆ ಕಚ್ಚಿಕೊಂಡು ಕೂತಿತು. ಮನೆಗೆ ಬಂದು ಬಿಚ್ಚಿ ನೋಡಿದರೆ ಒಳಗೆ ಶೇಂಗಾ ಉಂಡೆ! ನಾನು ತಲೆ ಚಚ್ಚಿಕೊಂಡು ಪಾಟಿ ತೆಗೆದರೆ ದೊಡ್ಡವ್ವ ಒಂದಿಷ್ಟೂ ನಾಚಲಿಲ್ಲ. "ನೀ ಅಲ್ಲಿಂದ ಕೈ ಚಾಚಿದಂಗಾತು. ಬರೀಗೈಲೆ ಹ್ಯಾಂಗ ಕಳಸ್ಲಿ?" ಎಂದಳು. ಡ್ರೈವಿನಿಂದ ಶೇಂಗಾ ಪುಡಿ ಕೆದಕಿ ತೆಗೆಯುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಆದರೆ ಮಾರನೆಯ ದಿನದಿಂದ ಎಲ್ಲ ಸರಿಯಾಗಿ ನಡೆಯಿತು. ಮಧ್ಯಾಹ್ನ ನನ್ನ ಊಟ ಮುಗಿದ ಮೇಲೆ ತಟ್ಟೆ ಕರೆಯುತ್ತಿದ್ದೆ, ಸ್ವಲ್ಪ ಹೊತ್ತಿಗೆ ಅದು ಖಾಲಿಯಾಗಿ ಮುಚ್ಚುತ್ತಿತ್ತು. ತಿಂಗಳುಗಟ್ಟಲೆ ಒಂದು ದಿನವೂ ತಪ್ಪಲಿಲ್ಲ. ಕಾಕಾನಿಗೂ ಜಂಬದಿಂದ ಹೇಳಿದೆ, ದೊಡ್ಡವ್ವ ಎಲ್ಲಿಗೂ ಬರುವುದಿಲ್ಲ, ಅವಳ ಯೋಗಕ್ಷೇಮ ನನಗೆ ದಿನಾ ತಿಳಿಯುತ್ತದೆ ಎಂದು. ನಾನು ನೆಮ್ಮದಿಯಾಗಿ ಕೆಲಸ ಮಾಡಿದ ದಿನಗಳೆಂದರೆ ಅವೇ.

ಆ ದಿನ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಹೊರಗಿನಿಂದ ಪರೀಕ್ಷಕರು ಬಂದಿದ್ದರು. ಬೆಳಿಗ್ಗೆ ಮನೆ ಬಿಡುವಾಗ ದೊಡ್ಡವ್ವ ಇನ್ನೂ ಸ್ನಾನಕ್ಕೆ ಹೋಗಿರಲಿಲ್ಲ, ಟಿ.ವಿ. ಒರೆಸುತ್ತ, ನಾನು ಹಿಂದಿನ ರಾತ್ರಿ ಪಲ್ಯ ಬಿಟ್ಟದ್ದಕ್ಕೆ ಬೈಯುತ್ತಿದ್ದಳು. ಅವಳ ಬೈಗುಳ ಗೇಟಿನವರೆಗೂ ನನ್ನ ಜೊತೆ ಬಂತು. ಮಧ್ಯಾಹ್ನ ಒಂದು ಬ್ಯಾಚ್ ಮುಗಿದು ಇನ್ನೊಂದು ಬರುವ ಮಧ್ಯೆ, ಡಬ್ಬಿಯ ಊಟವನ್ನು ಗಬಗಬ ತಿಂದು ನನ್ನ ಮೇಜಿನ ಯಂತ್ರದಿಂದ ತಟ್ಟೆ ಕರೆದೆ.

ಯಾವತ್ತೂ ಸ್ವಲ್ಪ ಕಾಯಬೇಕಾಗುತ್ತಿತ್ತು. ಅವತ್ತು ನಾನು ಕೀಬೋರ್ಡಿನಿಂದ ಕೈ ತೆಗೆಯುವಷ್ಟರಲ್ಲಿ ತಟ್ಟೆ ಮುಚ್ಚಿತ್ತು. ಒಳಗೆ ಸಿ.ಡಿ. ಇದೆ ಎಂದು ಯಂತ್ರ ಹೇಳಿತು.

ಮೊದಲು ನಂಬಲಿಲ್ಲ. ಶೇಂಗಾ ಉಂಡೆಯ ಪ್ರಸಂಗ ಮತ್ತೆ ನಡೆದಿರಬೇಕು ಎಂದುಕೊಂಡು ಮತ್ತೆ ತಟ್ಟೆ ಕರೆದೆ. ತೆರೆಯಿತು, ಕೂಡಲೇ ಮುಚ್ಚಿತು. ಸಿ.ಡಿ. ಇದೆ. ಇನ್ನೊಮ್ಮೆ ಕರೆದೆ. ಅದೇ. ದೊಡ್ಡವ್ವ ಏನು ಮಾಡಿದರೂ ನಿಧಾನ. ಸ್ಟೂಲಿನ ಹತ್ತಿರ ಬರಲು, ಕನ್ನಡಕ ಏರಿಸಲು, "ಬಂದೆ ತಡಿಯಪಾ" ಎಂದು ತಟ್ಟೆಗೆ ಹೇಳಲು ಅವಳಿಗೆ ಸಮಯ ಬೇಕು. ಇಷ್ಟು ಅವಸರದಲ್ಲಿ ಅವಳು ಯಾವತ್ತೂ ಉತ್ತರ ಕೊಟ್ಟವಳಲ್ಲ. ಓನರ್ ಆಂಟಿಯ ಮನೆಗೆ ಫೋನ್ ಮಾಡಿದೆ. ಗಂಟೆ ಹೊಡೆದುಕೊಂಡೇ ಇತ್ತು. ಅವರೆಲ್ಲ ತುಮಕೂರಿಗೆ ಮದುವೆಗೆಂದು ಹೋಗಿದ್ದಾರೆಂಬುದು ಆಮೇಲೆ ನೆನಪಾಯಿತು.

ಎರಡನೆಯ ಬ್ಯಾಚಿನ ಹುಡುಗರು ಆಗಲೇ ಒಳಗೆ ಬಂದು ಕೂತಿದ್ದರು. ನಾನು ಬ್ಯಾಗ್ ಎತ್ತಿಕೊಂಡಾಗ ಪರೀಕ್ಷಕರು ಹುಬ್ಬು ಗಂಟಿಕ್ಕಿದರು. "ಏನ್ರೀ ಇದು, ಪ್ರಾಕ್ಟಿಕಲ್ ಮಧ್ಯೆ ಎದ್ದು ಹೋಗ್ತಾ ಇದೀರಾ?"

"ಮನೇಲಿ ಎಮರ್ಜೆನ್ಸಿ ಸಾರ್."

"ಫೋನ್ ಬಂತಾ?"

ಏನೆಂದು ಹೇಳಲಿ? "ಹೂಂ ಸಾರ್, ಬಂತು" ಎಂದೆ. ಶಿವು ನನ್ನ ಮುಖ ನೋಡಿ, "ನೀನು ಹೋಗು ಮಗಾ, ನಾನು ನೋಡ್ಕೋತೀನಿ" ಎಂದು ನನ್ನನ್ನು ಬಾಗಿಲ ಕಡೆ ದೂಡಿದ.

ನಾಗರಭಾವಿಯ ರಿಂಗ್ ರೋಡು ಹಿಡಿದು ಸುಮನಹಳ್ಳಿ ಕಡೆ ಸ್ಕೂಟರ್ ಓಡಿಸಿದೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಮುದುಕಿ ಸಿ.ಡಿ. ಒರೆಸಲು ಹೋಗಿ ಒಳಗೆ ಇಟ್ಟಿರುತ್ತಾಳೆ, ಡ್ರೈವಿಗೆ ವಯಸ್ಸಾಗಿದೆ, ತಾನೇ ತೆರೆದು ಮುಚ್ಚುತ್ತಿದೆ, ಇದಕ್ಕಾಗಿ ಕೆಲಸಕ್ಕೆ ಸಂಚಕಾರ ತಂದುಕೊಂಡೆಯಲ್ಲೋ ಕತ್ತೆ, ಎಂದು. ಬೈದುಕೊಂಡರೂ ಕೈ ಆಕ್ಸಿಲರೇಟರ್ ಬಿಡಲಿಲ್ಲ. ಕಾಮಾಕ್ಷಿಪಾಳ್ಯದ ಸಿಗ್ನಲ್ಲಿನಲ್ಲಿ ಕೆಂಪು ದೀಪ ಹೋಗುವುದೇ ಇಲ್ಲ ಅನ್ನಿಸಿತು. ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಮನೆಯ ಬಾಗಿಲಿಗೆ ಇದ್ದದ್ದು ಎಳೆದರೆ ತಾನೇ ಬೀಗ ಬೀಳುವ ಲಾಕು. ಅದರ ಒಂದು ಕೀ ನನ್ನ ಹತ್ತಿರ, ಇನ್ನೊಂದು ದೊಡ್ಡವ್ವನ ಸೊಂಟದಲ್ಲಿ. ತೆರೆದು ಒಳಗೆ ಹೋದರೆ ಹಾಲಿನಲ್ಲಿ ಯಾರೂ ಇಲ್ಲ. ಯಂತ್ರ ತನ್ನ ಪಾಡಿಗೆ ಗುಂಯ್‌ಗುಡುತ್ತಿತ್ತು, ತಟ್ಟೆ ಮುಚ್ಚಿತ್ತು. ಅಡುಗೆಮನೆಯಲ್ಲಿ ಒಲೆ ಹಚ್ಚಿದ ಗುರುತಿಲ್ಲ. ಆಗ ಬಚ್ಚಲಿನ ಕಡೆಯಿಂದ ಸಣ್ಣ ದನಿ ಕೇಳಿಸಿತು. ದೊಡ್ಡವ್ವನ ಗಂಟಲು ಕಟ್ಟಿಹೋಗಿತ್ತು. "ಶಿವನೇ, ಶಿವನೇ" ಎನ್ನುತ್ತಿದ್ದಳು, ನಡುನಡುವೆ ನನ್ನ ಹೆಸರು. ನಾನು ಬಾಗಿಲು ಬಡಿದು ಕೂಗಿದೆ. ಕೂಗಿ ಏನು ಪ್ರಯೋಜನ, ಕಿವಿ ಕೇಳಿದರೆ ತಾನೇ? ನಾನು ಬಂದದ್ದೇ ಅವಳಿಗೆ ಗೊತ್ತಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಬೀದಿಯ ಇಸ್ತ್ರಿ ಗಾಡಿಯ ಅಣ್ಣನನ್ನು ಕೂಗಿ ಕರೆದೆ. ಇಬ್ಬರೂ ಹೆಗಲು ಕೊಟ್ಟು ಚಿಲಕ ಮುರಿದೆವು.

ಒದ್ದೆ ನೆಲದ ಮೇಲೆ ಮಡಚಿಕೊಂಡು ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು. ಮೈ ಮಂಜಿನಷ್ಟು ತಣ್ಣಗೆ. ನನ್ನನ್ನು ನೋಡಿ ಅವಳು ಮೊದಲು ಹೇಳಿದ್ದು, "ಸೀರಿ ಕೊಡು, ಅವನ್ನ ಹೊರಗ ಕಳಸು" ಎಂದು. ನರ್ಸಿಂಗ್ ಹೋಮಿನ ಡಾಕ್ಟರು ಬಾವು ನೋಡಿ, ಬಿದ್ದು ಬಹಳ ಹೊತ್ತಾಗಿದೆ ಎಂದರು. ತಿಂಡಿ ಇಲ್ಲ, ಮಾತ್ರೆ ಇಲ್ಲ, ಸಕ್ಕರೆ ಕಾಯಿಲೆಯ ಮೈ. "ಸಂಜೆ ಮಾಮೂಲಿ ಟೈಮಿಗೆ ಬಂದಿದ್ರೆ ಕಷ್ಟ ಆಗ್ತಿತ್ತು ರೀ. ಯಾರು ಹೇಳಿದ್ರು ನಿಮಗೆ?" ಎಂದು ಕೇಳಿದರು. ನಾನು, ದೊಡ್ಡವ್ವನೇ ತಿಳಿಸಿದಳು ಎಂದೆ. ಆಗ ನಾನು ಹಾಗೇ ನಂಬಿದ್ದೆ; ಬಚ್ಚಲಿನಲ್ಲಿ ಬಿದ್ದವಳು ಸಿ.ಡಿ. ಇಟ್ಟದ್ದು ಹೇಗೆಂದು ಆ ಗಾಬರಿಯಲ್ಲಿ ಯೋಚಿಸಿರಲಿಲ್ಲ.

ಆಪರೇಷನ್ ಆಗಿ ಅವಳು ಎದ್ದು ಕೂತ ಮೇಲೆ ಪಾಟಿಯ ಮೇಲೆ ಬರೆದೆ: ಸಿ.ಡಿ. ಹಾಕಿ ಒಳ್ಳೇ ಕೆಲಸ ಮಾಡಿದೆ.

ಅವಳು ಓದಿ ನನ್ನ ಮುಖ ನೋಡಿದಳು. "ಯಾವ ಸೀಡಿ? ನೀ ಗೇಟ್ ದಾಟಿದಿ, ನಾ ಬಚ್ಚಲಕ್ಕ ಹ್ವಾದೆ, ಬಿದ್ದೆ. ನಾ ಎಲ್ಲಿಂದ ಸೀಡಿ ಹಾಕ್ಲಿ?"

ಔಷಧಿಯ ಮಂಪರು ಎಂದುಕೊಂಡೆ. ಮನೆಗೆ ಹೋಗಿ ಯಂತ್ರದ ಗುಂಡಿ ಒತ್ತಿದೆ. ತಟ್ಟೆ ಹೊರಗೆ ಬಂತು. ಕೆಂಪು ಸಿ.ಡಿ. ಅದರಲ್ಲಿತ್ತು. ಅದರ ಪ್ಲಾಸ್ಟಿಕ್ ಡಬ್ಬಿ ಟಿ.ವಿ.ಯ ಮೇಲೆ, ಮುಚ್ಚಳ ಹಾಕಿ ಒಪ್ಪವಾಗಿ ಇಟ್ಟಿತ್ತು. ಅವತ್ತು ಬೆಳಿಗ್ಗೆ ಟಿ.ವಿ. ಒರೆಸುವಾಗ ಆ ಡಬ್ಬಿ ಎತ್ತಿ ಇಟ್ಟದ್ದು ದೊಡ್ಡವ್ವನಿಗೆ ಚೆನ್ನಾಗಿ ನೆನಪಿತ್ತು, ಒಳಗೆ ಕೆಂಪಗೆ ಕಾಣುತ್ತಿತ್ತಂತೆ.

ಆಮೇಲಿನ ವಾರಗಳಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಶಿವು ದಿನಕ್ಕೊಂದು ಉತ್ತರ ತರುತ್ತಿದ್ದ. "ವಿಳಾಸ ಬದಲಾಗಿ ಬೇರೆ ಯಾರದೋ ಮಷೀನಿಗೆ ಹೋಗಿದೀಯ ಕಣೋ" ಎಂದ. ಬೇರೆಯವರ ಯಂತ್ರಕ್ಕೆ ನನ್ನ ಬೀಗದ ಕೈ ಹಿಡಿಯುವುದಿಲ್ಲ. "ಯಾರೋ ಹ್ಯಾಕ್ ಮಾಡಿ ಆಟ ಆಡಿದಾರೆ" ಎಂದ. ಹ್ಯಾಕ್ ಮಾಡಿದವನು ತಟ್ಟೆಯನ್ನು ತೆರೆದಾನು, ಮುಚ್ಚಿಯಾನು, ಟಿ.ವಿ.ಯ ಮೇಲಿನ ಡಬ್ಬಿ ಬಿಚ್ಚಿ ಸಿ.ಡಿ. ತೆಗೆದು ಇಡಲು ಕೈ ಬೇಕಲ್ಲ. ಕಳ್ಳ ಬಂದಿದ್ದನೇ? ಒಂದು ಸಾಮಾನೂ ಹೋಗಿರಲಿಲ್ಲ. ಬಂದ ಕಳ್ಳ ಬಚ್ಚಲಿನಲ್ಲಿ ನರಳುವ ಮುದುಕಿಯ ದನಿ ಕೇಳಿ, ನಮ್ಮ ಇಬ್ಬರಿಗೆ, ಬಿಟ್ಟರೆ ಅವತ್ತು ಲ್ಯಾಬಿನಲ್ಲೇ ಇದ್ದ ಶಿವುಗೆ ಮಾತ್ರ ಗೊತ್ತಿರುವ ಸನ್ನೆ ಮಾಡಿ ಹೋದನೇ? ಡ್ರೈವ್ ತಾನೇ ಮುಚ್ಚುತ್ತಿದೆಯೇ ಎಂದು ಒಂದು ಭಾನುವಾರ ಬೆಳಿಗ್ಗೆ ಖಾಲಿ ತಟ್ಟೆ ತೆರೆದು, ಸಂಜೆಯವರೆಗೆ ಎದುರಿಗೇ ಕಾದು ಕೂತೆ. ಅದು ಅಲುಗಾಡಲಿಲ್ಲ. ಬೇರೆ ಭಾನುವಾರಗಳಲ್ಲೂ ನೋಡಿದೆ, ಒಮ್ಮೆಯೂ ತಾನಾಗಿ ಮುಚ್ಚಲಿಲ್ಲ.

ದೊಡ್ಡವ್ವ ವಾಕರ್ ಹಿಡಿದು ಓಡಾಡತೊಡಗಿದಳು. ನನಗೆ ಮಾತ್ರ ಆ ಹಾಲಿನಲ್ಲಿ ಬೆನ್ನು ತಿರುಗಿಸಿ ಕೂರಲು ಆಗುತ್ತಿರಲಿಲ್ಲ. ನಾಚಿಕೆಯಾಗುತ್ತದೆ ಹೇಳಲು, ಆದರೆ ಅದೇ ನಿಜ. ವಿಜಯನಗರದಲ್ಲಿ ನೆಲಮಹಡಿಯ ಒಂದು ಮನೆ ನೋಡಿ ಬಂದೆ. ಮೆಟ್ಟಿಲಿಲ್ಲ, ನಿನಗೆ ಅನುಕೂಲ, ಮುಂದಿನ ತಿಂಗಳು ಹೋಗೋಣ ಎಂದು ಪಾಟಿಯಲ್ಲಿ ಬರೆದೆ. ನಿಜವಾದ ಕಾರಣ ಬರೆಯಲಿಲ್ಲ.

ಅವಳು ಪಾಟಿಯನ್ನು ಪಕ್ಕಕ್ಕಿಟ್ಟಳು. "ನಾ ಬರಂಗಿಲ್ಲ. ಅವರನ್ನ ಒಬ್ಬರನ್ನ ಬಿಟ್ಟು ಹ್ಯಾಂಗ ಬರ್ಲಿ?"

ಯಾರನ್ನು, ಎಂದು ಕೈಯಲ್ಲೇ ಕೇಳಿದೆ.

"ನನಗೇನ್ ಗೊತ್ತೋ ತಮ್ಮಾ. ದಿನಾ ನೀ ಮಾತಾಡಿದ್ದು ಅವರ ಕೂಡ, ನಿನಗ ಗೊತ್ತಿರಬೇಕು." ಆಮೇಲೆ, ಅಡುಗೆಗೆ ಉಪ್ಪು ಹಾಕಲು ಮರೆತದ್ದನ್ನು ಹೇಳುವಷ್ಟು ಸಹಜವಾಗಿ ಹೇಳಿದಳು: "ನಾ ಮೊದಲಿನ ಒಂದು ತಿಂಗಳು ತಳ್ಳಿದ್ದು ಅಷ್ಟ. ಆಮ್ಯಾಲ ಉಂಡು ಮಲಗಾಕ ಸುರು ಮಾಡಿದೆ. ಎದ್ದು ಬಂದು ನೋಡಿದ್ರ ಯಾವಾಗ್ಲೂ ಮುಚ್ಚೇ ಇರ್ತಿತ್ತು. ನೀನ ಅಲ್ಲಿಂದ ಮುಚ್ಚತಿ ಅಂತ ಮಾಡಿದ್ದೆ. ಈಗ ತಿಳೀತು. ಚಲೋ ಆತು ಬಿಡು, ನೀ ಹ್ವಾದ ಮ್ಯಾಲ ನಾ ಒಬ್ಬಾಕೀನ ಇರಂಗಿಲ್ಲ ಅಂತ ಧೈರ್ಯ ಬಂತು."

ಹೀಗೆಂದು ವಾಕರ್ ಎಳೆದುಕೊಂಡು ಒಳಗೆ ಹೋದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಜ್ವರ ಬಂದ ಮೇಲೆ ಕಂಡಿರಲಿಲ್ಲ. ಆ ಮನೆಯನ್ನು ನಾವು ಬಿಡಲಿಲ್ಲ. ಅವಳನ್ನು ಅಲ್ಲಿಂದ ಎಬ್ಬಿಸುವ ಧೈರ್ಯ ನನಗಾಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನ, ಎಂದಿನಂತೆ ಲ್ಯಾಬಿನಲ್ಲಿ ಊಟ ಮುಗಿಸಿ ಮನೆಯ ಯಂತ್ರದ ಬಾಗಿಲು ತೆರೆದೆ. ತಟ್ಟೆ ಕರೆಯುವ ಆದೇಶವನ್ನು ಅಕ್ಷರ ಅಕ್ಷರವಾಗಿ ಬರೆದೆ. ಕೊನೆಯ ಗುಂಡಿಯ ಮೇಲೆ ಬೆರಳಿಟ್ಟು ಕೂತೇ ಇದ್ದೆ. ಉತ್ತರ ಬಾರದಿದ್ದರೆ ದೊಡ್ಡವ್ವ ಮತ್ತೆ ಎಲ್ಲೋ ಬಿದ್ದಿದ್ದಾಳೆ ಎಂಬ ಭಯ. ಬಂದರೆ ಅವಳು ಚೆನ್ನಾಗಿದ್ದಾಳೆ ಎಂದು ನನಗೆ ಹೇಳುತ್ತಿರುವವರು ಯಾರು ಎಂಬ ಭಯ. ಎರಡನೆಯ ಭಯವೇ ದೊಡ್ಡದಾಗಿತ್ತು. ಆದರೂ ಒತ್ತಿದೆ, ಅವಳ ಸುದ್ದಿ ಬೇಕಿತ್ತಲ್ಲ.

ಸ್ವಲ್ಪ ಹೊತ್ತಿಗೆ ತಟ್ಟೆ ಮುಚ್ಚಿತು, ಖಾಲಿ. ನಾನು ಸಂಜೆ ಮನೆಗೆ ಹೋಗಿ, ಅದನ್ನು ಮುಚ್ಚಿದವರು ಯಾರೆಂದು ದೊಡ್ಡವ್ವನನ್ನು ಕೇಳಲಿಲ್ಲ. ಅವಳಿರುವವರೆಗೂ ಕೇಳಲಿಲ್ಲ.